ಮಳೆಯನ್ನು ಕೇಳಿ ಪಂಪು ಹಾಕುವ ಯಂತ್ರ: ಉತ್ತರ ಬಾರದಿದ್ದರೆ?

ಅಡಿಕೆ ತೋಟದ ಪಂಪನ್ನು ತಾನಾಗಿ ಹಾಕಿ ತಾನಾಗಿ ನಿಲ್ಲಿಸುವ ಯಂತ್ರಗಳು ನಮ್ಮ ಕಾಸರಗೋಡು ಸೀಮೆಯ ಮನೆಗಳಿಗೂ ಬರತೊಡಗಿವೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಉದ್ಯೋಗದಲ್ಲಿದ್ದು, ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವಲ್ಲಿ, ಕತ್ತಲೆಯಲ್ಲಿ ಟಾರ್ಚು ಹಿಡಿದು ತೋಟಕ್ಕೆ ಇಳಿಯುವ ಕಷ್ಟ ಇದರಿಂದ ತಪ್ಪುತ್ತದೆ. ಇಂತಹ ಅನುಕೂಲವನ್ನು ಹಳಿಯುವವರ ಸಾಲಿಗೆ ನಾವು ಸೇರಿದವರಲ್ಲ. ಆದರೆ ಈ ಯಂತ್ರಗಳು ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಪಂಪು ಹಾಕುವ ಮೊದಲು ಅವು ದೂರದ ಊರಿನ ಇನ್ನೊಂದು ಯಂತ್ರಕ್ಕೆ ಓಲೆ ಕಳುಹಿಸಿ, "ಇಂದು ಮಳೆ ಬರುವುದೋ?" ಎಂದು ವಿಚಾರಿಸುತ್ತವೆ, ಬಂದ ಉತ್ತರದಂತೆ ನಡೆಯುತ್ತವೆ. ಈ ವಿಚಾರಿಸುವಿಕೆಗೇ ವೆಬ್ ಎಪಿಐ ಕೋರಿಕೆ ಎಂದು ಹೆಸರು. ಇದು ಬೇಕೋ ಬೇಡವೋ ಎಂಬ ಚರ್ಚೆಗಿಂತ, ಎಷ್ಟರಮಟ್ಟಿಗೆ ಬೇಕು, ಯಾವ ಕೆಲಸಕ್ಕೆ ಬೇಕು, ಉತ್ತರ ಬಾರದ ದಿನ ಏನಾಗಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಹೆಚ್ಚು ಅವಶ್ಯವೆಂದು ನಮ್ಮ ಅಭಿಪ್ರಾಯ. ಇದನ್ನು ಕೂರಿಸಿ ಕೊಡುವವರು ಮೊದಲನೆಯದನ್ನು ಸೊಗಸಾಗಿ ವರ್ಣಿಸುತ್ತಾರೆ. ಕೊನೆಯದರ ಮಾತೆತ್ತುವವರು ಬಹಳ ಕಡಿಮೆ.

ಮೊದಲು ಈ ಕೋರಿಕೆಯೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಸೊಸೈಟಿಗೆ ಹೋಗಿ ಗೊಬ್ಬರ ಬೇಕೆಂದರೆ ನಾವು ನೇರವಾಗಿ ಗೋದಾಮಿಗೆ ನುಗ್ಗುವುದಿಲ್ಲ. ಒಂದು ಕಿಟಕಿ ಇರುತ್ತದೆ; ಅದರೆದುರು ನಿಂತು, ಅವರು ಗೊತ್ತುಮಾಡಿದ ಫಾರ್ಮಿನಲ್ಲಿ, ಸದಸ್ಯ ನಂಬರು ಬರೆದು, ಬೇಕಾದುದನ್ನು ಕೇಳಬೇಕು. ಫಾರ್ಮು ತಪ್ಪಿದರೆ ಹಿಂದಕ್ಕೆ ಬರುತ್ತದೆ. ಎಪಿಐ ಎಂಬುದು ಇಂತಹ ಕಿಟಕಿ. ಮನೆಯ ಯಂತ್ರವು ವೆಬ್ ವಿಳಾಸವೊಂದಕ್ಕೆ ಹೋಗಿ, ನಮ್ಮ ಊರಿನ ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಮುಂದಿನ ಗಂಟೆಗಳ ಮಳೆಯ ಲೆಕ್ಕ ಬೇಕು ಎಂದು ಕೇಳುತ್ತದೆ. ಆ ಕಡೆಯಿಂದ ಜೇಸನ್ ಎಂಬ ಸರಳ ರೂಪದಲ್ಲಿ ಅಂಕೆಗಳ ಪಟ್ಟಿ ಬರುತ್ತದೆ. ಜೊತೆಗೆ ಮೂರಂಕಿಯ ಸಂಖ್ಯೆಯೊಂದಿರುತ್ತದೆ: 200 ಎಂದರೆ ಕೇಳಿದ್ದು ಸರಿಯಾಗಿ ಸಿಕ್ಕಿತು, 401 ಎಂದರೆ ನಿಮ್ಮ ಗುರುತು ಒಪ್ಪಿಗೆಯಾಗಲಿಲ್ಲ, 404 ಎಂದರೆ ಆ ವಿಳಾಸದಲ್ಲಿ ಅಂತಹದೇನೂ ಇಲ್ಲ, 429 ಎಂದರೆ ಅತಿಯಾಗಿ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ, 503 ಎಂದರೆ ಕಿಟಕಿ ಸದ್ಯಕ್ಕೆ ಮುಚ್ಚಿದೆ. ಬರೇ ತಿಳಿದುಕೊಳ್ಳಲು ಕೇಳುವ ಕೋರಿಕೆಗೆ ಗೆಟ್ ಎಂದೂ, ಏನಾದರೊಂದನ್ನು ಒಪ್ಪಿಸಿ ಕೆಲಸ ಮಾಡಿಸುವ ಕೋರಿಕೆಗೆ ಪೋಸ್ಟ್ ಎಂದೂ ಹೆಸರು. ಈ ಎರಡರ ವ್ಯತ್ಯಾಸವನ್ನು ಮುಂದೆ ಹೇಳುತ್ತೇವೆ. ಪಂಪಿನ ವಿಷಯದಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ.

ಮನೆಯ ಕಡೆಯಿಂದ ಕೇಳುವ ಯಂತ್ರಗಳಲ್ಲಿ ಹೆಸರಾದುದು ಹೋಮ್ ಅಸಿಸ್ಟೆಂಟ್. ಪೌಲಸ್ ಸ್ಕೌಟ್ಸನ್ ಎಂಬವರು 2013ರಲ್ಲಿ ಆರಂಭಿಸಿದ ಇದು ಯಾರು ಬೇಕಾದರೂ ಧರ್ಮಾರ್ಥವಾಗಿ ಹಾಕಿಕೊಳ್ಳಬಹುದಾದ ತಂತ್ರಾಂಶ. ಅಂಗೈಯಗಲದ ರಾಸ್‌ಬೆರಿ ಪೈ ಎಂಬ ಗಣಕದಲ್ಲಿಯೂ ನಡೆಯುತ್ತದೆ. 2024ರಿಂದ ಓಪನ್ ಹೋಮ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ಅದರ ಒಡೆತನ ವಹಿಸಿದೆ. ಇದರ ವಿಶೇಷವೆಂದರೆ ಬುದ್ಧಿಯೆಲ್ಲ ನಮ್ಮ ಮನೆಯ ಕಪಾಟಿನಲ್ಲಿಯೇ ಇರುತ್ತದೆ. ಹೊರಗಿನವರನ್ನು ಕೇಳುವುದು ಬೇಕಾದಾಗ ಮಾತ್ರ. ಹವೆಯ ವಿಚಾರ ಕೇಳುವುದಕ್ಕೆ ಓಪನ್-ಮೀಟಿಯೊ, ಓಪನ್‌ವೆದರ್ ಮುಂತಾದ ಕಿಟಕಿಗಳಿವೆ. ಹೆಸರುಗಳು ಇಷ್ಟು ಸಾಕು.

ಈಗ ಕೆಲಸಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಮಳೆಯ ಮುನ್ಸೂಚನೆ ಬೇಕಾಗುವ ಕೆಲಸ ಮೂರು: ತೋಟಕ್ಕೆ ನೀರು ಬಿಡುವುದು, ಅಂಗಳದಲ್ಲಿ ಅಡಿಕೆ ಒಣಗಿಸುವುದು, ಕೊಳೆರೋಗಕ್ಕೆ ಮದ್ದು ಬಿಡುವುದು. ಮೂರಕ್ಕೂ ಒಂದೇ ಉತ್ತರವನ್ನು ಒಂದೇ ರೀತಿಯಲ್ಲಿ ಬಳಸುವುದೇ ಈಗಿನ ದೊಡ್ಡ ದೋಷ.

ನೀರಿನ ಲೆಕ್ಕವನ್ನು ನೋಡಿ. ಫಲ ಕೊಡುವ ಅಡಿಕೆ ಮರವೊಂದಕ್ಕೆ ಒಂದು ಸಲಕ್ಕೆ 175 ಲೀಟರ್ ನೀರು ಎಂಬುದು ಸಂಶೋಧನಾಲಯದವರ ಶಿಫಾರಸು. ಬೇಸಗೆ ಏರಿದಂತೆ ಮೂರರಿಂದ ಐದು ದಿನಕ್ಕೊಮ್ಮೆ. ಮರದಿಂದ ಮರಕ್ಕೆ 2.7 ಮೀಟರ್ ಅಂತರವಿರುವ ತೋಟದಲ್ಲಿ ಒಂದೊಂದು ಮರದ ಪಾಲಿಗೆ ಬರುವ ನೆಲ ಸುಮಾರು 7.3 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ ಒಂದು ಲೀಟರ್. ಅಂದರೆ 10 ಮಿ.ಮೀ. ಮಳೆ ಬಿದ್ದರೆ ಮರವೊಂದರ ಪಾಲಿಗೆ 73 ಲೀಟರ್. 175 ಲೀಟರಿಗೆ ಸಮನಾಗಬೇಕಾದರೆ ಸುಮಾರು 24 ಮಿ.ಮೀ. ಬೀಳಬೇಕು. ಅದೂ ಸೋಗೆಯ ಮೇಲೆ ನಿಂತದ್ದು, ಇಳಿಜಾರಿನಲ್ಲಿ ಹರಿದು ತೋಡಿಗೆ ಹೋದದ್ದು ಕಳೆಯದೆ. ಹೀಗಿರುವಾಗ "ಮಳೆ ಬರುವ ಸಂಭವವಿದೆ, ಆದುದರಿಂದ ಪಂಪು ಬೇಡ" ಎಂದು ಯಂತ್ರಕ್ಕೆ ಕಲಿಸುವುದು ಎಂತಹ ಲೆಕ್ಕ? ಎಪ್ರಿಲ್ ತಿಂಗಳಲ್ಲಿ ಸಂಜೆ ಗುಡುಗಿ ನಾಲ್ಕು ಹನಿ ಬೀಳುವುದು ನಮ್ಮಲ್ಲಿ ವಾಡಿಕೆ. ಆ ನಾಲ್ಕು ಹನಿಯ ಮುನ್ಸೂಚನೆಗಾಗಿ ದಿನದಿನವೂ ಪಂಪು ಸುಮ್ಮನಿದ್ದರೆ, ವಾರದೊಳಗೆ ಮರದ ತಲೆ ಬಾಡುವುದನ್ನು ಯಾವ ಸರ್ವರೂ ಬಂದು ನೋಡುವುದಿಲ್ಲ.

ಆದುದರಿಂದ ನೀರಿನ ವಿಷಯದಲ್ಲಿ ನಮ್ಮ ಮತ ಇದು: ಬರಲಿರುವ ಮಳೆಯನ್ನು ನಂಬಿ ಪಂಪು ನಿಲ್ಲಿಸಬೇಡಿ, ಬಿದ್ದ ಮಳೆಯನ್ನು ಅಳೆದು ನಿಲ್ಲಿಸಿ. ಅಂಗಳದ ಅಂಚಿನಲ್ಲಿ ಮಳೆಮಾಪಕವೊಂದಿದ್ದರೆ, ಅದರ ಲೆಕ್ಕವನ್ನು ಮನೆಯ ಯಂತ್ರಕ್ಕೆ ಕೊಟ್ಟರೆ, ಕಳೆದ ಮೂರು ದಿನಗಳಲ್ಲಿ 24 ಮಿ.ಮೀ. ಮೀರಿತೋ ಇಲ್ಲವೋ ಎಂದು ಅದು ತಾನೇ ಹೇಳುತ್ತದೆ. ಇದಕ್ಕೆ ಹೊರಗೆ ಕೇಳುವ ಅಗತ್ಯವೇ ಇಲ್ಲ. ದೊಡ್ಡ ಹವಾಮಾನ ಲೆಕ್ಕಾಚಾರಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ನಡೆಯುತ್ತವೆ. ಯೂರೋಪಿನ ಕೇಂದ್ರದ ಲೆಕ್ಕದಲ್ಲಿ ಚೌಕದ ಬದಿ ಸುಮಾರು 9 ಕಿಲೋಮೀಟರ್. ಅಮೆರಿಕೆಯ ಜಿಎಫ್‌ಎಸ್ ಲೆಕ್ಕದಲ್ಲಿ ಸುಮಾರು 13. ಎಂಬತ್ತೊಂದು ಚದರ ಕಿಲೋಮೀಟರಿಗೆ ಒಂದೇ ಅಂಕೆ. ಗುಡ್ಡದ ಈಚೆ ಮಳೆ, ಆಚೆ ಬಿಸಿಲು ಇರುವ ನಮ್ಮ ನಾಡಿನಲ್ಲಿ ಆ ಅಂಕೆಯನ್ನು ನಮ್ಮ ತೋಟದ ಅಂಕೆಯೆಂದು ತಿಳಿಯುವುದು ಎಷ್ಟು ಸರಿಯೆಂದು ವಾಚಕರೇ ಯೋಚಿಸಬಹುದು.

ಅಂಗಳದ ಅಡಿಕೆಯ ವಿಷಯ ಇದಕ್ಕೆ ಪೂರಾ ವಿರುದ್ಧ. ಹಣ್ಣಡಿಕೆ ಬಿಸಿಲಿನಲ್ಲಿ ಒಣಗಿ ಚಾಲಿಯಾಗಲು 35ರಿಂದ 40 ದಿನ ಬೇಕು. ನಡುವೆ ಒಂದು ಅಕಾಲ ಮಳೆಗೆ ನೆನೆದರೆ ಬೂಸಲು ಹಿಡಿದು ಧಾರಣೆ ಕೆಡುತ್ತದೆ. ಬಿದ್ದ ಮಳೆಯನ್ನು ಅಳೆದು ಇಲ್ಲಿ ಪ್ರಯೋಜನವೇನು? ಮುಂಚಿತವಾಗಿ ತಿಳಿಯಬೇಕು. ಹೊರಗೆ ಕೇಳುವ ಕೋರಿಕೆ ನಿಜವಾಗಿ ಬೆಲೆಬಾಳುವುದು ಇಲ್ಲಿಯೇ. ಅಡಿಕೆಯನ್ನು ರಾಶಿಮಾಡಿ ಟಾರ್ಪಾಲು ಹೊದಿಸಲು ಇಬ್ಬರಿಗೆ ಅರ್ಧ ಗಂಟೆಯ ಕೆಲಸ. ನೆನೆದರೆ ಆಗುವ ನಷ್ಟ ಅದರ ಹತ್ತು ಪಾಲು. ಹಾಗಾದರೆ ಮಳೆಯ ಸಂಭವ ನೂರಕ್ಕೆ 30 ಎಂದು ಉತ್ತರ ಬಂದಾಗಲೇ ಗಂಟೆ ಬಾರಿಸುವಂತೆ ಯಂತ್ರವನ್ನು ಕಟ್ಟುವುದು ವಿವೇಕ. ಮೂರು ಸಲ ಸುಮ್ಮನೆ ಬಾರಿಸಲಿ, ಚಿಂತೆಯಿಲ್ಲ. ಟಾರ್ಪಾಲು ಎಳೆದವರು ಗೊಣಗಿದರೂ ನಾಲ್ಕನೆಯ ಸಲ ಸುಮ್ಮನಾಗುತ್ತಾರೆ.

ಮದ್ದು ಬಿಡುವುದು ಮೂರನೆಯದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುಂಚೆ ಒಮ್ಮೆ, 40-45 ದಿನಗಳ ಮೇಲೆ ಇನ್ನೊಮ್ಮೆ ಬಿಡುವುದು ರೂಢಿ. ಎರಡನೆಯದಕ್ಕೆ ನಡುಮಳೆಗಾಲದಲ್ಲಿ ಒಂದು ಹೊಳವು ಸಿಗಬೇಕು. ಗೊನೆಗೆ ಬಿದ್ದ ಮದ್ದು ಒಣಗಿ ಅಂಟುವಷ್ಟು ಹೊತ್ತು ಮಳೆ ಬಿಡುವು ಕೊಡಬೇಕು. ಗಂಟೆಗಂಟೆಯ ಮಳೆಯ ಪಟ್ಟಿಯನ್ನು ಕೇಳುವ ಕೋರಿಕೆ ಇಲ್ಲಿ ಸಹಾಯಕ. ಆದರೆ ಮರ ಹತ್ತುವವರನ್ನು ಗೊತ್ತುಮಾಡುವುದು ವಾರದ ಮುಂಚೆ. ಮುನ್ಸೂಚನೆ ನಂಬಿಕೆಗೆ ಅರ್ಹವಾಗಿರುವುದು ಒಂದೆರಡು ದಿನಗಳಿಗೆ. ಈ ಅಂತರವನ್ನು ತುಂಬುವ ಯಂತ್ರ ಇನ್ನೂ ಬಂದಿಲ್ಲ. ಇಲ್ಲಿ ಯಂತ್ರ ಹೇಳಲಿ, ಮನುಷ್ಯರು ಆಕಾಶ ನೋಡಿ ತೀರ್ಮಾನಿಸಲಿ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇವೆ. ಕೋರಿಕೆ ಹೋಯಿತು, ಉತ್ತರ ಬರಲಿಲ್ಲ. ಆಗೇನು?

ಇದು ಅಪರೂಪದ ಪ್ರಸಂಗವೆಂದು ತಿಳಿಯಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ಯುವ ಜಿಲ್ಲೆ ನಮ್ಮದು. ಗಾಳಿಮಳೆಗೆ ಹಲಸಿನ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟೂ ಹೋಗುತ್ತದೆ, ಇಂಟರ್ನೆಟ್ಟಿನ ಕೇಬಲೂ ಹೋಗುತ್ತದೆ. ಮಳೆಯ ಸುದ್ದಿ ಯಾವ ದಿನ ಅತ್ಯಂತ ಬೇಕೋ ಅದೇ ದಿನ ಅದನ್ನು ಕೇಳುವ ದಾರಿ ಕಡಿದಿರುತ್ತದೆ. ಹೋಮ್ ಅಸಿಸ್ಟೆಂಟಿನಲ್ಲಿ ಇಂತಹ ಕೋರಿಕೆಯೊಂದು ಬೇರೆ ಹೇಳದಿದ್ದರೆ 10 ಸೆಕೆಂಡು ಕಾದು ಕೈಬಿಡುತ್ತದೆ. ಕೈಬಿಟ್ಟ ಮೇಲೆ ಅದರ ಕೈಯಲ್ಲಿರುವುದು "ಗೊತ್ತಿಲ್ಲ" ಎಂಬ ಸ್ಥಿತಿ. ಪ್ರಾಮಾಣಿಕವಾದ ಸ್ಥಿತಿ ಅದು. ಆದರೆ ಯಂತ್ರ ಕಟ್ಟುವವರಿಗೆ ಆ ಪ್ರಾಮಾಣಿಕತೆ ಕಿರಿಕಿರಿ. ಅಂಕೆ ಇರಬೇಕಾದಲ್ಲಿ ಅಂಕೆ ಇಲ್ಲದಿದ್ದರೆ ತಂತ್ರಾಂಶ ಕೆಂಪಕ್ಷರದಲ್ಲಿ ದೂರು ಬರೆಯುತ್ತದೆ. ದೂರು ನಿಲ್ಲಿಸಲು ಸುಲಭೋಪಾಯ: ಅಂಕೆ ಬಾರದಿದ್ದರೆ ಸೊನ್ನೆ ಎಂದು ತಿಳಿ ಎಂದು ಒಂದು ಸೊನ್ನೆ ಸೇರಿಸುವುದು. ದೂರು ನಿಂತಿತು; ಕೂರಿಸಲು ಬಂದವರು ಹಣ ತೆಗೆದುಕೊಂಡು ಹೋದರು. ಆದರೆ ಆ ಸೊನ್ನೆಯ ಅರ್ಥವೇನಾಯಿತು? "ಮಳೆಯ ವಿಚಾರ ತಿಳಿಯಲಿಲ್ಲ" ಎಂಬುದು "ಮಳೆ ಇಲ್ಲ" ಎಂದಾಯಿತು. ಪಕ್ಕದ ಮನೆಗೆ ಕಳುಹಿಸಿದ ಹುಡುಗ ದಾರಿಯಲ್ಲೇ ಆಟಕ್ಕೆ ನಿಂತು, ಮರಳಿ ಬಂದು "ಅವರು ಏನೂ ಇಲ್ಲವೆಂದರು" ಎಂದು ಹೇಳಿದಂತೆ.

ನೀರು ಬಿಡುವ ಪಂಪಿಗೆ ಈ ಸುಳ್ಳು ಸೊನ್ನೆಯಿಂದ ಅಷ್ಟೇನೂ ಕೇಡಿಲ್ಲ. ಮಳೆ ಇಲ್ಲವೆಂದು ತಿಳಿದು ಪಂಪು ಹಾಕುತ್ತದೆ. ಹೆಚ್ಚೆಂದರೆ ಒಂದು ಸಲದ ನೀರು ವ್ಯರ್ಥ. ಅಂಗಳದ ಅಡಿಕೆಗೆ ಅದೇ ಸೊನ್ನೆ ಮಾರಕ: ಗಂಟೆ ಬಾರಿಸುವುದೇ ಇಲ್ಲ. ಮದ್ದಿಗೂ ಹಾಗೆಯೇ: ಮಳೆ ಇಲ್ಲವೆಂದು ನಂಬಿ ಬಿಟ್ಟ ಮದ್ದು ತೊಳೆದುಹೋಗುತ್ತದೆ, ಆಳಿನ ಕೂಲಿಯೂ ಹೋಗುತ್ತದೆ. ಆದುದರಿಂದ ಉತ್ತರ ಬಾರದಾಗ ಏನು ಮಾಡಬೇಕೆಂಬುದಕ್ಕೆ ಒಂದೇ ನಿಯಮವಿಲ್ಲ. ಒಂದೊಂದು ಕೆಲಸಕ್ಕೂ ಯಾವ ಕಡೆ ತಪ್ಪಿದರೆ ನಷ್ಟ ಕಡಿಮೆಯೆಂದು ಮನೆಯವರೇ ಕುಳಿತು ಗೊತ್ತುಮಾಡಬೇಕು. ನೀರಿಗೆ: ಉತ್ತರವಿಲ್ಲದಿದ್ದರೆ ವಾಡಿಕೆಯ ದಿನ, ವಾಡಿಕೆಯ ಹೊತ್ತು ಪಂಪು ಹಾಕಲಿ. ಅಡಿಕೆಗೆ: ಎರಡು ಗಂಟೆಯಿಂದ ಉತ್ತರವಿಲ್ಲದಿದ್ದರೆ ಗಂಟೆ ಬಾರಿಸಿ "ಸುದ್ದಿ ಸಿಗುತ್ತಿಲ್ಲ, ನೀವೇ ಮುಗಿಲು ನೋಡಿ" ಎನ್ನಲಿ. ಮದ್ದಿಗೆ: ಉತ್ತರವಿಲ್ಲದಿದ್ದರೆ ಸಲಹೆಯೂ ಇಲ್ಲ. ಇನ್ನೊಂದು ಎಚ್ಚರವೂ ಬೇಕು. ಬಂದ ಉತ್ತರದ ಜೊತೆಗೆ ಅದು ಬಂದ ಹೊತ್ತನ್ನೂ ಇಟ್ಟುಕೊಳ್ಳಬೇಕು. ನಿನ್ನೆಯ ಅಂಕೆ ಪರದೆಯ ಮೇಲೆ ಉಳಿದುಕೊಂಡು ಇಂದಿನ ಅಂಕೆಯಂತೆ ಕಾಣಿಸುವುದು ಉತ್ತರ ಬಾರದುದಕ್ಕಿಂತ ಕೆಟ್ಟದ್ದು.

ಪಂಪಿನ ಅಪ್ಪಣೆಯ ವಿಷಯಕ್ಕೆ ಬರೋಣ. ಇದು ಕೇಳುವ ಕೋರಿಕೆಯಲ್ಲ, ಮಾಡಿಸುವ ಕೋರಿಕೆ. ಪಂಪು ಹೌಸಿನಲ್ಲಿ ವೈಫೈಯಿಂದ ನಡೆಯುವ ಸಣ್ಣ ರಿಲೇ ಒಂದನ್ನು ಕೂರಿಸಿರುತ್ತಾರೆ. (ಐದು ಅಶ್ವಶಕ್ತಿಯ ಮೋಟಾರಿನ ಹೊರೆಯನ್ನು ಈ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ರಿಲೇ ನೇರವಾಗಿ ಹೊರಲಾರದು, ಅದು ಸ್ಟಾರ್ಟರಿನ ಮೂಲಕವೇ ಕೆಲಸ ಮಾಡಬೇಕು, ಆ ಜೋಡಣೆಯನ್ನು ಲೈಸೆನ್ಸು ಇರುವ ಎಲೆಕ್ಟ್ರಿಶಿಯನ್ನೇ ಮಾಡಬೇಕು.) ಮನೆಯ ಯಂತ್ರ ಈ ರಿಲೇಗೆ ವೆಬ್ ಕೋರಿಕೆಯ ರೂಪದಲ್ಲಿಯೇ ಅಪ್ಪಣೆ ಕಳುಹಿಸುತ್ತದೆ. ಟಾಸ್ಮೋಟ ಎಂಬ ತಂತ್ರಾಂಶ ಹಾಕಿದ ರಿಲೇಗಳಲ್ಲಿ ಮೂರು ಅಪ್ಪಣೆಗಳಿವೆ: ಹಾಕು, ನಿಲ್ಲಿಸು, ಅದಲುಬದಲು ಮಾಡು. ಈ ಮೂರನೆಯದರ ಗೊಡವೆಗೆ ಹೋಗಲೇ ಬಾರದು. ಕಾರಣವಿಷ್ಟೆ: ಅಪ್ಪಣೆ ಹೋಗಿ ಪಂಪು ಚಾಲೂ ಆಯಿತೆನ್ನಿ, "ಆಯಿತು" ಎಂಬ ಉತ್ತರ ಮಾತ್ರ ವೈಫೈ ಬಲವಿಲ್ಲದೆ ದಾರಿಯಲ್ಲಿ ಕಳೆದುಹೋಯಿತು. ಯಂತ್ರ ಅಪ್ಪಣೆ ಮುಟ್ಟಲಿಲ್ಲವೆಂದು ತಿಳಿದು ಮತ್ತೊಮ್ಮೆ ಕಳುಹಿಸುತ್ತದೆ. "ಹಾಕು" ಎಂದು ಎರಡು ಸಲ ಹೇಳಿದರೆ ಪಂಪು ಹಾಕಿಯೇ ಇರುತ್ತದೆ. "ಅದಲುಬದಲು ಮಾಡು" ಎಂದು ಎರಡು ಸಲ ಹೇಳಿದರೆ ಪಂಪು ನಿಲ್ಲುತ್ತದೆ; ಯಂತ್ರದ ಲೆಕ್ಕದಲ್ಲಿ ಮಾತ್ರ ಓಡುತ್ತಲೇ ಇರುತ್ತದೆ. ತಿಳಿಯುವ ಕೋರಿಕೆಯನ್ನು ನೂರು ಸಲ ಕೇಳಿದರೂ ಕೇಡಿಲ್ಲ, ಮಾಡಿಸುವ ಕೋರಿಕೆ ಹಾಗಲ್ಲವೆಂದು ಮೊದಲು ಹೇಳಿದ್ದರ ಅರ್ಥ ಇದು. ನಿಯಮದ ಪ್ರಕಾರ ಗೆಟ್ ಎಂಬುದು ಬರೇ ಕೇಳುವುದಕ್ಕೆ ಇರತಕ್ಕದ್ದು. ಆದರೆ ಈ ಸಣ್ಣ ರಿಲೇಗಳು ಗೆಟ್‌ನಲ್ಲಿಯೇ ಅಪ್ಪಣೆಯನ್ನೂ ಒಪ್ಪಿಕೊಳ್ಳುತ್ತವೆ. ಮನೆಯ ಮಗು ಫೋನಿನಲ್ಲಿ ಹಳೆಯ ಪುಟವನ್ನು ಮತ್ತೆ ತೆರೆದರೂ ಪಂಪು ಚಾಲೂ ಆಗಬಹುದು.

ನಿಲ್ಲಿಸುವ ಅಪ್ಪಣೆ ಮುಟ್ಟದೆ ಹೋದರಂತೂ ಕಥೆ ಬೇರೆ. ಕೆರೆಯ ನೀರು ತಳ ಕಂಡರೂ ಪಂಪು ಓಡುತ್ತಿರುತ್ತದೆ. ಇದಕ್ಕೆ ಪರಿಹಾರ ಮನೆಯ ಯಂತ್ರದಲ್ಲಿಲ್ಲ, ರಿಲೇಯಲ್ಲಿಯೇ ಇದೆ. ಟಾಸ್ಮೋಟದಲ್ಲಿ ಪಲ್ಸ್‌ಟೈಮ್ ಎಂಬ ಏರ್ಪಾಡು: ಬೇಕಾದ ಸೆಕೆಂಡುಗಳಿಗೆ ನೂರು ಸೇರಿಸಿ ಬರೆದರೆ, ಅಷ್ಟು ಹೊತ್ತಾದ ಮೇಲೆ ರಿಲೇ ಯಾರ ಅಪ್ಪಣೆಯನ್ನೂ ಕಾಯದೆ ತಾನೇ ಬಿಡುತ್ತದೆ. ಒಂದು ಗಂಟೆಗೆ 3,700. ಒಂದೂವರೆ ಗಂಟೆಗೆ 5,500. ಕರೆಂಟು ಹೋಗಿ ಬಂದಾಗ ಹಿಂದಿನ ಸ್ಥಿತಿಗೇ ಮರಳುವುದು ಅದರ ಹುಟ್ಟುಗುಣ. ಅದನ್ನೂ ಬದಲಿಸಿ, ಕರೆಂಟು ಬಂದಾಗ ನಿಂತೇ ಇರುವಂತೆ ಮಾಡಿಡಬೇಕು. ನೀರಿಲ್ಲದೆ ಓಡುವುದನ್ನು ತಡೆಯುವ ಸಾಧನವಂತೂ ಸ್ಟಾರ್ಟರಿನ ಪೆಟ್ಟಿಗೆಯಲ್ಲಿಯೇ ಇರಬೇಕು. ಮೋಟಾರಿನ ಸುರುಳಿ ಸುಟ್ಟುಹೋದರೆ ಅದನ್ನು ಕಟ್ಟಿಸುವ ಖರ್ಚಿನಲ್ಲಿ ಇಂತಹ ನಾಲ್ಕು ಸಾಧನ ಬರುತ್ತವೆ.

ಇಲ್ಲಿ ಒಂದು ಭೇದವನ್ನು ಒತ್ತಿ ಹೇಳಬೇಕಾಗಿದೆ. ಮನೆಯ ಯಂತ್ರದಿಂದ ಪಂಪು ಹೌಸಿನ ರಿಲೇಗೆ ಹೋಗುವ ಅಪ್ಪಣೆ ನಮ್ಮ ರೌಟರನ್ನು ದಾಟಿ ಹೊರಗೆ ಹೋಗುವುದಿಲ್ಲ. ಇಂಟರ್ನೆಟ್ಟು ಕಡಿದರೂ ರೌಟರಿಗೆ ಕರೆಂಟು ಇದ್ದರೆ ಸಾಕು. ಆದರೆ ಅಂಗಡಿಯಲ್ಲಿ ಮಾರುವ ಎಷ್ಟೋ ಉಪಕರಣಗಳಲ್ಲಿ, ಚಾವಡಿಯಲ್ಲಿ ಕುಳಿತು ಐವತ್ತು ಗಜ ದೂರದ ಪಂಪಿಗೆ ಕೊಡುವ ಅಪ್ಪಣೆ ಸಮುದ್ರ ದಾಟಿ ಯಾವುದೋ ಕಂಪೆನಿಯ ಸರ್ವರಿಗೆ ಹೋಗಿ, ಅಲ್ಲಿಂದ ಮರಳಿ ಪಂಪು ಹೌಸಿಗೆ ಬರುತ್ತದೆ. ಇದನ್ನು ನಾವು ಒಪ್ಪುವುದಿಲ್ಲ. ಕೇಳುವುದಕ್ಕೆ ಹೊರಗೆ ಹೋಗಲಿ. ಪಂಪಿನ ಕೀಲಿ ಮನೆಯಲ್ಲಿಯೇ ಇರಲಿ. ಬೆಂಗಳೂರಿನ ಮಗನೂ ಫೋನಿನಲ್ಲಿ ತೋಟದ ಸ್ಥಿತಿ ನೋಡಲಿ, ಸಲಹೆ ಕೊಡಲಿ. ಆದರೆ ಪಂಪು ಹೌಸಿನಲ್ಲಿ ಯಾರಾದರೂ ಕಪ್ಪೆಗಂಟು ಬಿಚ್ಚುತ್ತ ಕುಳಿತಿರುವಾಗ ಅಲ್ಲಿಂದ ಮೋಟಾರು ಹಾಕುವಂತಾಗಬಾರದು.

ಕಂಪೆನಿಯ ಸರ್ವರನ್ನು ನಂಬಿದವರ ಪಾಡು ಏನಾಯಿತೆಂಬುದಕ್ಕೆ ಅಮೆರಿಕೆಯಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ರಿವಾಲ್ವ್ ಎಂಬ ಮನೆಯಂತ್ರದ ಕಂಪೆನಿಯನ್ನು ನೆಸ್ಟ್ 2014ರಲ್ಲಿ ಕೊಂಡಿತು. 2016ರ ಮೇ 15ರಂದು ಅದರ ಸರ್ವರನ್ನು ನಿಲ್ಲಿಸಿತು. 300 ಡಾಲರು ಕೊಟ್ಟು ಕೊಂಡವರ ಮನೆಯಲ್ಲಿ ಉಳಿದದ್ದು ಪ್ಲಾಸ್ಟಿಕ್ಕಿನ ಡಬ್ಬ. 2022ರ ಎಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪೆನಿಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಮೌನವಾದವು. 2023ರ ನವೆಂಬರಿನಲ್ಲಿ ಚೇಂಬರ್ಲೇನ್ ಎಂಬ ಗ್ಯಾರೇಜು ಬಾಗಿಲಿನ ಕಂಪೆನಿ, ತನ್ನ ಒಪ್ಪಿಗೆಯಿಲ್ಲದೆ ಬರುವ ಹೊರಗಿನ ಕೋರಿಕೆಗಳನ್ನು ತಡೆಯಿತು. ಹವೆಯ ಕಿಟಕಿಗಳೂ ಶಾಶ್ವತವಲ್ಲ. ಡಾರ್ಕ್ ಸ್ಕೈ ಎಂಬ ಬಹು ಮೆಚ್ಚಿಗೆಯ ಕಿಟಕಿಯನ್ನು ಆಪಲ್ ಕಂಪೆನಿ 2020ರಲ್ಲಿ ಕೊಂಡು, 2023ರ ಮಾರ್ಚ್ 31ಕ್ಕೆ ಮುಚ್ಚಿತು. ಆದರೆ ಹವೆಯ ಕಿಟಕಿ ಮುಚ್ಚಿದರೆ ಇನ್ನೊಂದು ಕಿಟಕಿಗೆ ಹೋಗಬಹುದು. ಪಂಪಿನ ಕೀಲಿಯೇ ಅವರಲ್ಲಿದ್ದರೆ ಹೋಗುವುದೆಲ್ಲಿಗೆ?

ಎಷ್ಟು ಸಲ ಕೇಳಬೇಕು ಎಂಬುದರಲ್ಲಿಯೂ ಮಿತಿ ಬೇಕು. ಹೋಮ್ ಅಸಿಸ್ಟೆಂಟಿನ ರೆಸ್ಟ್ ಸೆನ್ಸರ್ ಬೇರೆ ಹೇಳದಿದ್ದರೆ 30 ಸೆಕೆಂಡಿಗೊಮ್ಮೆ ಕೇಳುತ್ತದೆ. ದಿನಕ್ಕೆ 2,880 ಸಲವಾಯಿತು. ಓಪನ್‌ವೆದರಿನ ಒನ್ ಕಾಲ್ ಸೇವೆಯಲ್ಲಿ ದಿನಕ್ಕೆ 1,000 ಕೋರಿಕೆಗಳವರೆಗೆ ಮಾತ್ರ ಹಣವಿಲ್ಲ. ಓಪನ್-ಮೀಟಿಯೊದಲ್ಲಿ ವ್ಯಾಪಾರೇತರ ಉಪಯೋಗಕ್ಕೆ 10,000ದ ಮಿತಿ. ಗಂಟೆಗಳ ಲೆಕ್ಕದಲ್ಲಿ ಬದಲಾಗುವ ಮುನ್ಸೂಚನೆಯನ್ನು ಅರ್ಧ ನಿಮಿಷಕ್ಕೊಮ್ಮೆ ಕೇಳುವುದು ಬೇಯದ ಅನ್ನದ ಮುಚ್ಚಳ ತೆಗೆತೆಗೆದು ನೋಡಿದಂತೆ. ಹದಿನೈದು ನಿಮಿಷಕ್ಕೊಮ್ಮೆ ಕೇಳಿದರೆ ದಿನಕ್ಕೆ 96 ಸಲ, ಬೇಕಾದಷ್ಟಾಯಿತು. ಅದೂ ಲೋಕವೆಲ್ಲ ಕೇಳುವ ಸರಿ ಆರು ಗಂಟೆಗೆ ಬೇಡ. ಆರು ಹದಿನೇಳಕ್ಕೋ ಇಪ್ಪತ್ತಮೂರಕ್ಕೋ ಇರಲಿ. ಧರ್ಮಕ್ಕೆ ಕೊಡುವವರ ಬಾಗಿಲಲ್ಲಿ ಗುಂಪು ಕಟ್ಟಬಾರದು.

ಸದಸ್ಯ ನಂಬರಿನ ಹಾಗೆ ಕೆಲವು ಕಿಟಕಿಗಳು ಕೀ ಎಂಬ ಗುಟ್ಟಿನ ಅಕ್ಷರಮಾಲೆಯನ್ನು ಕೊಡುತ್ತವೆ. ಅದನ್ನು ನಿಯಮಗಳ ಪುಟದಲ್ಲಿಯೇ ಬರೆದಿಟ್ಟು, ಆ ಪುಟದ ಚಿತ್ರ ತೆಗೆದು, "ಇದು ಯಾಕೆ ನಡೆಯುತ್ತಿಲ್ಲ?" ಎಂದು ವಾಟ್ಸಪ್ ಗುಂಪಿಗೆ ಹಾಕುವವರಿದ್ದಾರೆ. ಗುಟ್ಟುಗಳಿಗೆ ಹೋಮ್ ಅಸಿಸ್ಟೆಂಟಿನಲ್ಲಿ ಸೀಕ್ರೆಟ್ಸ್ ಎಂಬ ಬೇರೆ ಕಡತವೇ ಇದೆ. ಮನೆಯ ಯಂತ್ರಕ್ಕೆ ಹೊರಗಿನಿಂದ ಅಪ್ಪಣೆ ಕೊಡಲು ಅದು ಮಾಡಿಕೊಡುವ ದೀರ್ಘಾವಧಿಯ ಟೋಕನ್ ಹತ್ತು ವರ್ಷ ಸಲ್ಲುತ್ತದೆ. ಕೂರಿಸಲು ಬಂದವರಿಗೆ ಅಂತಹದನ್ನು ಮಾಡಿಕೊಟ್ಟಿದ್ದರೆ ಕೆಲಸ ಮುಗಿದ ದಿನವೇ ರದ್ದು ಮಾಡಿಸಿ. ಕೋರಿಕೆಯಲ್ಲಿ ಕಳುಹಿಸುವ ಅಕ್ಷಾಂಶ ರೇಖಾಂಶಗಳೂ ಒಂದು ಗುಟ್ಟೇ. ದಶಾಂಶದ ಮುಂದೆ ಆರು ಅಂಕೆ ಬರೆದರೆ ಅದು ನಿಮ್ಮ ತುಳಸಿಕಟ್ಟೆಯನ್ನೇ ತೋರಿಸುತ್ತದೆ. ಎರಡು ಅಂಕೆ ಬರೆದರೆ ಸುಮಾರು ಒಂದು ಕಿಲೋಮೀಟರಿನ ಪರಿಸರ. ಒಂಬತ್ತು ಕಿಲೋಮೀಟರಿನ ಚೌಕಕ್ಕೆ ಎರಡೇ ಧಾರಾಳ.

ಭಾಷೆಯ ಮಾತೊಂದಿದೆ. ನಮಗೆ ಬರುವ ಸರಕಾರಿ ಎಚ್ಚರಿಕೆಯ ಸಂದೇಶಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ; ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಅಜ್ಜಿಯಂದಿರಿಗೆ ಅವನ್ನು ಓದಿ ಹೇಳಲು ಇನ್ನೊಬ್ಬರು ಬೇಕು. ಎಪಿಐಯ ಕಿಟಕಿಯಿಂದ ಬರುವುದಾದರೋ ಬರಿಯ ಅಂಕೆ. ಅಂಕೆಗೆ ಯಾವ ಭಾಷೆಯೂ ಇಲ್ಲ. ಅದಕ್ಕೆ ಮಾತು ಕೊಡುವವರು ನಾವು. "ಮಧ್ಯಾಹ್ನ ಮೂರರೊಳಗೆ ಮಳೆ ಬರಬಹುದು, ಅಂಗಳದ ಅಡಿಕೆ ಎತ್ತಿ" ಎಂದು ಕನ್ನಡದಲ್ಲಿಯೇ ಬರೆದಿಟ್ಟರೆ ಯಂತ್ರ ಅದನ್ನೇ ಕಳುಹಿಸುತ್ತದೆ. ಜೇಸನ್ನಿಗೆ ಕನ್ನಡ ಅಕ್ಷರ ಹೊರುವುದಕ್ಕೆ ಏನೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿಯೇ ಇರಬೇಕೆಂದು ಯಾರಾದರೂ ಹೇಳಿದರೆ ಅದು ಯಂತ್ರದ ಕೊರತೆಯಲ್ಲ, ಹೇಳಿದವರ ಸೋಮಾರಿತನ. ಆದರೆ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳಿಗೆ ಇದು ಬದಲಿಯಲ್ಲ. ದಿನಕ್ಕೆ 204.5 ಮಿ.ಮೀ. ಅಥವಾ ಅದಕ್ಕೆ ಮೀರಿದ ಮಳೆಯನ್ನು ಇಲಾಖೆ ಅತ್ಯಂತ ಭಾರೀ ಮಳೆಯೆಂದು ಕರೆಯುತ್ತದೆ. ಅಂತಹ ಎಚ್ಚರಿಕೆಯ ದಿನ ಅಡಿಕೆಯ ಯೋಚನೆಗಿಂತ ಗುಡ್ಡದ ಬದಿಯ ಮನೆಯ ಯೋಚನೆ ಮೊದಲು.

ಈ ಯಂತ್ರವನ್ನು ಹಾಕಿಸುವ ಗೃಹಸ್ಥರಿಗೆ ಕೊನೆಯದಾಗಿ ಎರಡು ಕೆಲಸ ಹೇಳುತ್ತೇವೆ. ಸ್ಟಾರ್ಟರಿನ ಪಕ್ಕದ ಗೋಡೆಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: ಈ ಯಂತ್ರ ಯಾರನ್ನು ಕೇಳುತ್ತದೆ, ಉತ್ತರ ಬಾರದಿದ್ದರೆ ಏನು ಮಾಡುತ್ತದೆ, ಅದನ್ನು ಬದಿಗಿಟ್ಟು ಕೈಯಿಂದ ಪಂಪು ಹಾಕಿ ನಿಲ್ಲಿಸುವುದು ಹೇಗೆ. ಕೈಯ ಸ್ವಿಚ್ಚನ್ನು ಯಾವ ಕಾರಣಕ್ಕೂ ತೆಗೆಸಬೇಡಿ. ಎರಡನೆಯದಾಗಿ, ಕೂರಿಸಿದವರಿಗೆ ಪೂರಾ ಹಣ ಕೊಡುವ ಮೊದಲು, ಅವರೆದುರಿನಲ್ಲೇ ರೌಟರಿಗೆ ಬರುವ ಇಂಟರ್ನೆಟ್ಟಿನ ತಂತಿಯನ್ನು ಕಿತ್ತು ಎರಡು ಗಂಟೆ ಮೀರುವವರೆಗೆ ಬಿಡಿ. ಪಂಪು ತನ್ನ ಹೊತ್ತಿಗೆ ಹಾಕಿತೇ, ಹೊತ್ತಿಗೆ ನಿಂತಿತೇ, ಅಂಗಳದ ಗಂಟೆ "ಸುದ್ದಿ ಸಿಗುತ್ತಿಲ್ಲ" ಎಂದು ಬಾರಿಸಿತೇ ನೋಡಿ. ಆಮೇಲೆ ರೌಟರಿನ ಕರೆಂಟನ್ನೂ ತೆಗೆದು ಓಡುತ್ತಿರುವ ಪಂಪು ತಾನಾಗಿ ನಿಲ್ಲುತ್ತದೆಯೇ ಎಂದು ನೋಡಿ. ನಿಲ್ಲದಿದ್ದರೆ ಬಾಕಿ ಹಣವನ್ನು ಕೈಯಲ್ಲಿಯೇ ಇಟ್ಟುಕೊಳ್ಳಿ.